ಜಿಪ್ಸಿ ಎಂಜಿನ್ ಕಟ್ಟಿಸಲು ಜೆ.ಸಿ. ರಸ್ತೆ: ಅಳತೆ ಹಿಡಿದು ಹೋದವರಿಗೆ ಒಳ್ಳೆಯ ಮಾರುಕಟ್ಟೆ

ಮಾರುತಿ ಜಿಪ್ಸಿಯ ಎಂಜಿನ್ ಇಳಿಸಿ ಹೊಸದಾಗಿ ಕಟ್ಟಿಸಬೇಕೆನ್ನುವವರಿಗೆ ನಾನು ಮೊದಲು ಸೂಚಿಸುವುದು ಬೆಂಗಳೂರಿನ ಜೆ.ಸಿ. ರಸ್ತೆಯನ್ನೇ. ಬಿಡಿಭಾಗಗಳ ಅಂಗಡಿಗಳು ಒಂದರ ಪಕ್ಕ ಒಂದಿರುವುದರಿಂದ, ಒಂದು ಕಡೆ ಸಿಗದ ಅಳತೆಯ ಬೇರಿಂಗ್ ಇನ್ನೊಂದು ಕಡೆ ಸಿಗುವ ಸಾಧ್ಯತೆ ಹೆಚ್ಚು. ಆದರೆ ಎಂಜಿನ್‌ನ ಶಕ್ತಿ ಹೆಚ್ಚಿಸುವ ಆಸೆಯಿಂದ ಹೋಗುವವರು, ಬಿಡಿಬಿಡಿಯಾಗಿ ಉತ್ತಮವಾದ ಭಾಗಗಳು ಒಟ್ಟಿಗೆ ಸೇರಿದಾಗ ಹೊಂದಿಕೊಳ್ಳಲೇಬೇಕೆಂದಿಲ್ಲ ಎಂಬುದನ್ನು ತಿಳಿದುಕೊಂಡೇ ಹೋಗಬೇಕು.

ಅಂಗಡಿಯನ್ನು ಅಳೆಯಲು ನನಗಿರುವ ಮಾನದಂಡ, ಕೌಂಟರ್‌ನಲ್ಲಿರುವವರು ಕೇಳುವ ಮೊದಲ ಪ್ರಶ್ನೆ. ಅದು ‘ಯಾವ ಎಂಜಿನ್?’ ಎಂದಾಗಿರಬೇಕು, ಏಕೆಂದರೆ ಎಲ್ಲ ಜಿಪ್ಸಿಗಳ ಎಂಜಿನ್ ಒಂದೇ ಅಲ್ಲ. 1985ರಲ್ಲಿ ಬಂದ ಜಿಪ್ಸಿಯಲ್ಲಿ 970 ಸಿ.ಸಿ.ಯ ಎಂಜಿನ್ ಇತ್ತು. 1996ರ ಜಿಪ್ಸಿ ಕಿಂಗ್‌ಗೆ 1.3 ಲೀಟರ್‌ನ ಎಂಟು ವಾಲ್ವ್‌ಗಳ ಜಿ13ಬಿಎ ಬಂತು. ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಸಿಂಪಡಿಸುವ) ಜಿಪ್ಸಿಗಳಲ್ಲಿರುವುದು ಹದಿನಾರು ವಾಲ್ವ್‌ಗಳ ಜಿ13ಬಿಬಿ. ಎಂಜಿನ್ ನಂಬರ್ ಕೇಳದೆ ‘ಜಿಪ್ಸಿ ಪಿಸ್ಟನ್’ ಎಂದಷ್ಟಕ್ಕೇ ಡಬ್ಬಿ ಇಳಿಸುವ ಅಂಗಡಿಯಿಂದ, ಬೆಲೆ ಎಷ್ಟೇ ಕಡಿಮೆಯಿರಲಿ, ಹೊರಬರುವುದೇ ಲೇಸು. ಮಾರುತಿಯದೇ ಕಾರಾದ ಎಸ್ಟೀಮ್‌ನ ಎಂಜಿನ್ ಇದೇ ವಂಶದ್ದಾದ್ದರಿಂದ ಅದರ ಭಾಗಗಳನ್ನೂ ತೋರಿಸುತ್ತಾರೆ. ಒಳಗಿನ ಎಷ್ಟೋ ಭಾಗಗಳು ಹೊಂದುತ್ತವೆ ನಿಜ, ಆದರೆ ಎಸ್ಟೀಮ್‌ನಲ್ಲಿ ಎಂಜಿನ್ ಅಡ್ಡಲಾಗಿ, ಜಿಪ್ಸಿಯಲ್ಲಿ ಉದ್ದಕ್ಕೆ ಕೂರುವುದರಿಂದ ಆಯಿಲ್ ಸಂಪ್, ಮೌಂಟಿಂಗ್ ಮುಂತಾದವು ಬೇರೆ. ಹಳೆಯ ಬಲೆನೊದ 1.6 ಲೀಟರ್ ಎಂಜಿನ್‌ನ ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ) 90 ಮಿ.ಮೀ., ಅದರ ಬ್ಲಾಕ್‌ನ ಎತ್ತರವೂ ಬೇರೆ. ಅದರ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ತಂದು 1.3ರ ಬ್ಲಾಕ್‌ಗೆ ಕೂರಿಸುವ ಯೋಚನೆಯನ್ನು ಬಿಟ್ಟುಬಿಡಬೇಕು.

ಪಿಸ್ಟನ್ ವಿಷಯದಲ್ಲಿ ಕೆಲಸದ ಕ್ರಮ ಬಹಳ ಮುಖ್ಯ. ಮೊದಲು ಬೋರಿಂಗ್ (ಸಿಲಿಂಡರ್‌ನ ಒಳಗೋಡೆ ಕೊರೆದು ಅಗಲಿಸುವ ಕೆಲಸ) ಮಾಡುವವರಲ್ಲಿ ಬ್ಲಾಕ್ ಅಳೆಸಿ, ಸವೆತ ಎಷ್ಟಿದೆ, ಸಿಲಿಂಡರ್ ಎಷ್ಟು ಅಂಡಾಕಾರವಾಗಿದೆ ಎಂದು ನೋಡಿ, 0.25 ಮಿ.ಮೀ. ಸಾಕೋ 0.50 ಮಿ.ಮೀ. ಓವರ್‌ಸೈಜ್ (ಮೂಲ ಅಳತೆಗಿಂತ ಅಷ್ಟು ದೊಡ್ಡ ಪಿಸ್ಟನ್) ಬೇಕೋ ಎಂದು ತೀರ್ಮಾನಿಸಬೇಕು. ಆಮೇಲೆ ಪಿಸ್ಟನ್ ಕೊಂಡು, ಆ ಪಿಸ್ಟನ್‌ಗಳನ್ನೇ ಮೈಕ್ರೋಮೀಟರ್‌ನಲ್ಲಿ ಅಳೆದು, ತಯಾರಕರು ಹೇಳಿದ ಕ್ಲಿಯರೆನ್ಸ್ (ಪಿಸ್ಟನ್‌ಗೂ ಸಿಲಿಂಡರ್‌ಗೂ ನಡುವಿನ ಅಂತರ) ಸಿಗುವಂತೆ ಬೋರ್ ಮತ್ತು ಹೋನಿಂಗ್ (ಒಳಗೋಡೆಯನ್ನು ನಯವಾಗಿ ಉಜ್ಜುವುದು) ಮಾಡಿಸಬೇಕು. ಫೋರ್ಜ್ಡ್ (ಎರಕ ಹೊಯ್ಯದೆ ಲೋಹವನ್ನು ಒತ್ತಿ ಮಾಡಿದ) ಪಿಸ್ಟನ್‌ಗಳಲ್ಲಿ ಬಳಸುವ ಕೆಲವು ಮಿಶ್ರಲೋಹಗಳು ಬಿಸಿಯಲ್ಲಿ ಹೆಚ್ಚು ಹಿಗ್ಗುವುದರಿಂದ ಅವುಗಳಿಗೆ ಹೆಚ್ಚಿನ ಕ್ಲಿಯರೆನ್ಸ್ ಬೇಕು. ಎರಕದ ಪಿಸ್ಟನ್‌ನ ಲೆಕ್ಕದಲ್ಲಿ ಬೋರ್ ಮಾಡಿದರೆ ಅವು ಸಿಲಿಂಡರ್‌ನಲ್ಲಿ ಹಿಡಿದುಕೊಳ್ಳುತ್ತವೆ. ಓವರ್‌ಸೈಜ್‌ನಿಂದ ಪಿಕಪ್ ಹೆಚ್ಚುತ್ತದೆ ಎಂಬ ಮಾತನ್ನು ಲೆಕ್ಕ ಹಾಕಿ ನೋಡಿ: 74 ಮಿ.ಮೀ. ಬೋರ್ (ಸಿಲಿಂಡರ್‌ನ ಒಳವ್ಯಾಸ), 75.5 ಮಿ.ಮೀ. ಸ್ಟ್ರೋಕ್‌ನ ಜಿ13ಬಿಬಿಗೆ 0.50 ಹಾಕಿದರೆ 1298 ಸಿ.ಸಿ. ಇದ್ದದ್ದು ಸುಮಾರು 1316 ಆಗುತ್ತದೆ. ಹದಿನೆಂಟು ಸಿ.ಸಿ.ಗಾಗಿ ಬ್ಲಾಕ್‌ನ ಲೋಹ ಕಳೆದುಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ಓವರ್‌ಸೈಜ್ ಇರುವುದು ಸವೆತ ಸರಿಪಡಿಸಲು.

ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಇನ್ನಷ್ಟು ಸೂಕ್ಷ್ಮ. ಲಿಫ್ಟ್ (ವಾಲ್ವ್ ತೆರೆದುಕೊಳ್ಳುವ ದೂರ) ಹೆಚ್ಚಿರುವ ಕ್ಯಾಮ್ ಹಾಕಿದರೆ, ವಾಲ್ವ್ ಪೂರ್ತಿ ತೆರೆದಾಗ ಅದರ ಸ್ಪ್ರಿಂಗ್‌ನ ಸುರುಳಿಗಳು ಒಂದಕ್ಕೊಂದು ತಾಗಬಾರದು, ವಾಲ್ವ್ ಪಿಸ್ಟನ್‌ಗೆ ತಗುಲಬಾರದು. ಇದೇ ಕೆಲಸದಲ್ಲಿ ಕಂಪ್ರೆಷನ್ ಹೆಚ್ಚಿಸಲು ಹೆಡ್ ಫೇಸಿಂಗ್ ಮಾಡಿಸಿ (ಸಿಲಿಂಡರ್ ಹೆಡ್‌ನ ತಳವನ್ನು ಕೆತ್ತಿಸಿ) ತೆಳುವಾದ ಗ್ಯಾಸ್ಕೆಟ್ ಹಾಕಿದರೆ ಆ ಅಂತರ ಮತ್ತೂ ಕುಗ್ಗುತ್ತದೆ, ಬೆಲ್ಟ್‌ನ ಟೈಮಿಂಗ್ ಸಹ ಸ್ವಲ್ಪ ಸರಿಯುತ್ತದೆ. ಆದ್ದರಿಂದ ಕ್ಯಾಮ್, ಸ್ಪ್ರಿಂಗ್, ಗ್ಯಾಸ್ಕೆಟ್ ಮೂರನ್ನೂ ಒಂದೇ ತೀರ್ಮಾನವಾಗಿ ನೋಡಬೇಕು. ಪಿಸ್ಟನ್ ತಲೆಯ ಮೇಲೆ ಮೆತ್ತನೆಯ ಜೇಡಿ ಇಟ್ಟು, ಹೆಡ್ ಬಿಗಿದು, ಎಂಜಿನ್ ಕೈಯಿಂದ ತಿರುಗಿಸಿ, ಜೇಡಿಯ ದಪ್ಪ ಅಳೆಯುವ ಮೆಕ್ಯಾನಿಕ್ ಸಿಕ್ಕರೆ ಅವರು ಕೇಳಿದ ಕೂಲಿ ಕೊಡಿ. ಕಂಪ್ರೆಷನ್ ಏರಿಸಿದ ಎಂಜಿನ್ ಸಾಮಾನ್ಯ ಪೆಟ್ರೋಲ್‌ನಲ್ಲಿ ನಾಕ್ ಹೊಡೆಯಬಹುದು (ಇಂಧನ ತಾನಾಗಿ ಹೊತ್ತಿಕೊಂಡು ಸದ್ದು ಮಾಡಬಹುದು). ಕಾಫಿ ತೋಟದ ದಾರಿಯಲ್ಲಿ ಭಾರ ಹೊತ್ತು ಏರುವ ಗಾಡಿಗೆ ಅದು ಒಗ್ಗುವುದಿಲ್ಲ.

ನಕಲಿ ಮಾಲಿನ ಬಗ್ಗೆ ಎಚ್ಚರ ಬೇಕೇ ಬೇಕು. ಬೇರಿಂಗ್, ಟೈಮಿಂಗ್ ಬೆಲ್ಟ್, ಆಯಿಲ್ ಪಂಪ್ ಇವುಗಳನ್ನು ಕಂಪನಿಯ ಅಧಿಕೃತ ಮಾರಾಟಗಾರರಲ್ಲೇ ಜಿಎಸ್‌ಟಿ ಬಿಲ್ ಪಡೆದು ಕೊಳ್ಳುವುದು ಒಳ್ಳೆಯದು. ಪ್ಯಾಕೆಟ್ ಒಡೆಯುವ ಮೊದಲು, ಅಳತೆ ಹೊಂದದಿದ್ದರೆ ವಾಪಸ್ ಪಡೆಯುತ್ತೀರಾ ಎಂದು ಕೇಳಿ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಒಳ್ಳೆಯ ಅಂಗಡಿಯವರು ಹಿಂಜರಿಯುವುದಿಲ್ಲ.

ಬಿಡಿಭಾಗ ಕೊಳ್ಳುವುದರಿಂದ ಮುಗಿಯದ ಕೆಲಸವೆಂದರೆ ಇಸಿಯು (ಎಂಪಿಎಫ್‌ಐ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಟ್ಯೂನಿಂಗ್. ದೊಡ್ಡ ಕ್ಯಾಮ್ ಹಾಕಿದಾಗ ಐಡಲ್‌ನಲ್ಲಿ ಮ್ಯಾನಿಫೋಲ್ಡ್‌ನ ನಿರ್ವಾತ ಕಡಿಮೆಯಾಗುತ್ತದೆ, ಆಗ ಮೂಲ ಇಸಿಯುವಿನ ಇಂಧನದ ಲೆಕ್ಕ ತಪ್ಪುತ್ತದೆ. ಟ್ಯೂನ್ ಮಾಡುವವರನ್ನು ಮೊದಲೇ ಗೊತ್ತುಮಾಡಿಕೊಂಡು, ಯಾವ ಕ್ಯಾಮ್‌ಗೆ ಅವರು ಮ್ಯಾಪ್ ಮಾಡಬಲ್ಲರೆಂದು (ಇಸಿಯುವಿನ ಲೆಕ್ಕ ಹೊಂದಿಸಬಲ್ಲರೆಂದು) ಕೇಳಿದ ನಂತರವೇ ಕ್ಯಾಮ್‌ಗೆ ಹಣ ಕೊಡಿ. ಆ ಏರ್ಪಾಡು ಇಲ್ಲದವರಿಗೆ ಮೂಲ ಕ್ಯಾಮ್, ಸರಿಯಾಗಿ ಅಳೆದು ಮಾಡಿದ ಬೋರ್, ಚೆನ್ನಾಗಿ ಕೂರಿಸಿದ ವಾಲ್ವ್‌ಗಳ ಎಂಜಿನ್ನನ್ನೇ ನಾನು ಸೂಚಿಸುತ್ತೇನೆ.