ಐಸಿಎಫ್ ಬೋಗಿಯ ಮಾದರಿ: ಎಚ್‌ಒ ಕೊಳ್ಳುವುದೋ, ಎನ್ ಕೊಳ್ಳುವುದೋ?

ಸ್ವಿಸ್ ತಂತ್ರಜ್ಞಾನದ ನೆರವಿನಿಂದ 1955ರಲ್ಲಿ ಮದ್ರಾಸಿನ ಪೆರಂಬೂರಿನಲ್ಲಿ ತಯಾರಿಕೆ ಆರಂಭವಾಗಿ, 2018ರಲ್ಲಿ ಅಲ್ಲಿ ನಿಂತುಹೋದ ಐಸಿಎಫ್ (ಇಂಟಿಗ್ರಲ್ ಕೋಚ್ ಫ್ಯಾಕ್ಟರಿ) ರೈಲುಬೋಗಿ ಸುಮಾರು 21.3 ಮೀಟರ್ ಉದ್ದವಿದೆ. ಮಾದರಿ ರೈಲುಗಳಿಗೆ ಬಳಸುವ 1:87ರ (ಅಸಲಿನ 87ರಲ್ಲೊಂದು ಪಾಲು) ಎಚ್‌ಒ ಪ್ರಮಾಣದಲ್ಲಿ ಅದು 245 ಮಿಲಿಮೀಟರಿಗೂ, 1:160ರ ಎನ್ ಪ್ರಮಾಣದಲ್ಲಿ 133 ಮಿಲಿಮೀಟರಿಗೂ ಇಳಿಯುತ್ತದೆ.

ಈ ಬೋಗಿಯ ಚಹರೆಯೆಲ್ಲ ಇರುವುದು ಕಿಟಕಿಗಳ ಅಡ್ಡ ಸರಳುಗಳಲ್ಲಿ. ಎಚ್‌ಒದಲ್ಲಿ ಅವನ್ನು ಒಂದೊಂದಾಗಿ ಎಣಿಸಬಹುದು. ಎನ್‌ನಲ್ಲಿ ಅವು ಬರಿಯ ಗೆರೆಗಳಂತೆ ತೋರುತ್ತವೆ. ಕಪಾಟಿನಲ್ಲಿಟ್ಟು ಹತ್ತಿರದಿಂದ ನೋಡುವವರಿಗೆ ಎಚ್‌ಒ ಸರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಆದರೆ ನಮ್ಮ ರೈಲಿನ ಸೊಗಸು ಅದರ ಉದ್ದದಲ್ಲಿಯೂ ಇದೆ. ಹದಿನೆಂಟು ಬೋಗಿಗಳ ಎಕ್ಸ್‌ಪ್ರೆಸ್ಸನ್ನು ಜೋಡಿಸಿದರೆ ಎಚ್‌ಒದಲ್ಲಿ ಎಂಜಿನ್ ಬಿಟ್ಟೇ 4.4 ಮೀಟರ್ ಬೇಕಾಗುತ್ತದೆ, ಎನ್‌ನಲ್ಲಿ 2.4 ಮೀಟರ್ ಸಾಕು. ಬಾಡಿಗೆ ಮನೆಯ ಒಂದು ಕೋಣೆಯಲ್ಲಿ ಹಳಿ ಹಾಸುವವರು ಎಚ್‌ಒ ಆರಿಸಿಕೊಂಡರೆ ಐದಾರು ಬೋಗಿಗಳಿಗೇ ತೃಪ್ತರಾಗಬೇಕಾದೀತು. ಬಿಗಿಯಾದ ತಿರುವುಗಳಲ್ಲಿ ಬೋಗಿಯ ನಡುಭಾಗ ಹಳಿಯ ಒಳಬದಿಗೆ ಚಾಚಿಕೊಂಡು ಅಸಹಜವಾಗಿ ಕಾಣುವುದೂ ಉಂಟು.

ಹಳಿಯ ಅಗಲದ ವಿಷಯದಲ್ಲಿ ಮಾತ್ರ ಎರಡೂ ಸೋಲುತ್ತವೆ. ನಮ್ಮ ಬ್ರಾಡ್‌ಗೇಜ್ 1,676 ಮಿಲಿಮೀಟರ್ ಆದ್ದರಿಂದ ಎಚ್‌ಒದಲ್ಲಿ ಅದು 19.3 ಮಿಲಿಮೀಟರ್ ಇರಬೇಕಿತ್ತು, ಮಾರುಕಟ್ಟೆಯ ಹಳಿ 16.5 ಮಾತ್ರ, ಎನ್‌ನಲ್ಲಿ 10.5ರ ಬದಲು 9. ಪಕ್ಕದಿಂದ ನೋಡುವಾಗ ತಿಳಿಯದ ಈ ಕೊರತೆ, ಬೋಗಿಯನ್ನು ಹಿಂದಿನಿಂದ ನೋಡಿದೊಡನೆ ಎದ್ದು ಕಾಣುತ್ತದೆ.