ಇಲಿಯ ಬಾಲದಲ್ಲಿ ರಕ್ತದೊತ್ತಡ ಅಳೆಯುವ ಯಂತ್ರ: ಮಡಿಕೇರಿಯಲ್ಲಿ ಎರಡು ಮಳೆಗಾಲ ಬಳಸಿದ ಮೇಲೆ

ಮಡಿಕೇರಿಯ ನಮ್ಮ ಔಷಧಶಾಸ್ತ್ರ ಪ್ರಯೋಗಾಲಯಕ್ಕೆ ಈ ಯಂತ್ರ ಬಂದು ಎರಡು ಮಳೆಗಾಲಗಳು ಕಳೆದಿವೆ. ಇಲಿಯ ಬಾಲದ ಬುಡಕ್ಕೆ ಗಾಳಿ ತುಂಬುವ ಸಣ್ಣ ಕಫ್ ಒಂದನ್ನು ತೊಡಿಸಿ, ಒತ್ತಡ ಇಳಿಯುತ್ತಾ ಬಂದಂತೆ ನಾಡಿ ಎಲ್ಲಿ ಮರಳುತ್ತದೆ ಎಂಬುದನ್ನು ಸೆನ್ಸರ್‌ನಿಂದ ಗುರುತಿಸುವುದು ಇದರ ಕೆಲಸ. ಶಸ್ತ್ರಚಿಕಿತ್ಸೆ ಬೇಕಿಲ್ಲ, ಅದೇ ಇಲಿಯನ್ನು ವಾರವಾರವೂ ಅಳೆಯಬಹುದು.

ನಮಗೆ ಇದು ಬೇಕಾದದ್ದು ನೈಟ್ರಿಕ್ ಆಕ್ಸೈಡ್ ಕುರಿತ ಅಧ್ಯಯನಕ್ಕೆ. ರಕ್ತನಾಳದ ಒಳಪದರದ ಕೋಶಗಳು ಎಲ್-ಆರ್ಜಿನೈನ್ ಎಂಬ ಅಮೈನೊ ಆಮ್ಲದಿಂದ ಈ ಅನಿಲವನ್ನು ತಯಾರಿಸುತ್ತವೆ. ಕೆಲವೇ ಸೆಕೆಂಡುಗಳ ಆಯುಸ್ಸಿನ ಅದು ಪಕ್ಕದ ಸ್ನಾಯುಕೋಶವನ್ನು ಹೊಕ್ಕು, ಅಲ್ಲಿ ಕೋಶದೊಳಗೆ ಸಂದೇಶ ಸಾಗಿಸುವ ಸೈಕ್ಲಿಕ್ ಜಿಎಂಪಿ ಎಂಬ ಅಣುವನ್ನು ಹೆಚ್ಚಿಸಿ, ನಾಳವನ್ನು ಸಡಿಲಗೊಳಿಸುತ್ತದೆ. ಒಳಪದರದಿಂದ ಹೊಮ್ಮುವ ಸಡಿಲಕಾರಕವೊಂದಿದೆ ಎಂದು ವಿಜ್ಞಾನಿ ರಾಬರ್ಟ್ ಫರ್ಚ್‌ಗಾಟ್ 1980ರಲ್ಲಿ ತೋರಿಸಿದಾಗ ಅದು ಯಾವ ವಸ್ತುವೆಂದು ಗೊತ್ತಿರಲಿಲ್ಲ; ಅದು ನೈಟ್ರಿಕ್ ಆಕ್ಸೈಡೇ ಎಂದು ಆಮೇಲೆ ತಿಳಿಯಿತು. ಫರ್ಚ್‌ಗಾಟ್, ಇಗ್ನಾರೊ ಮತ್ತು ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಬಂದದ್ದು ಇದೇ ವಿಷಯಕ್ಕೆ. ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವವನ್ನು ತಡೆಯುವ ಎಲ್-ನೇಮ್ ಎಂಬ ರಾಸಾಯನಿಕವನ್ನು ಕುಡಿಯುವ ನೀರಿನಲ್ಲಿ ಬೆರೆಸಿ ಕೊಟ್ಟರೆ, ಸುಮಾರು 120 ಮಿ.ಮೀ. (ಪಾದರಸ) ಇದ್ದ ಇಲಿಯ ಸಂಕೋಚನ ಒತ್ತಡ, ಅಂದರೆ ಹೃದಯ ಕುಗ್ಗಿದಾಗಿನ ರಕ್ತದೊತ್ತಡ, ಕೆಲವು ವಾರಗಳಲ್ಲಿ 150ನ್ನು ದಾಟುವುದು ಸಾಮಾನ್ಯ. ಈ ಏರಿಕೆಯನ್ನು ನಂಬಬಹುದಾದಂತೆ ಹಿಡಿದುಕೊಡುವುದೇ ಯಂತ್ರಕ್ಕೆ ನಾವಿಟ್ಟ ಪರೀಕ್ಷೆ.

ಬೇಸಿಗೆಯಲ್ಲಿ ಅದು ಚೆನ್ನಾಗಿಯೇ ತೇರ್ಗಡೆಯಾಯಿತು. ತೊಂದರೆ ಶುರುವಾದದ್ದು ಕೊಡಗಿನಲ್ಲಿ ಮಳೆ ಜೋರಾಗಿರುವ ಕಕ್ಕಡ ತಿಂಗಳಲ್ಲಿ. ರೋಮವಿಲ್ಲದ ಬಾಲವೇ ಇಲಿಯ ಮೈಯ ಶಾಖವನ್ನು ಹೊರಹಾಕುವ ದಾರಿ. ಚಳಿಯಾದೊಡನೆ ಮೈಯ ಬಿಸಿ ಉಳಿಸಿಕೊಳ್ಳಲು ಅಲ್ಲಿನ ನಾಳಗಳು ಬಿಗಿದುಕೊಳ್ಳುತ್ತವೆ. ದಿನಗಟ್ಟಲೆ ಬಿಡದೆ ಸುರಿಯುವ ಮಳೆಯಲ್ಲಿ ಕೊಠಡಿ ತಣ್ಣಗಾದಾಗ, ಅಳೆಯುವಾಗ ಇಲಿಯನ್ನು ಕೂರಿಸುವ ಕೊಳವೆಯೊಳಗೆ ಸುಮ್ಮನೆ ಕುಳಿತ ಅದರ ಬಾಲ ಬಿಳಿಚಿ, ಮುಟ್ಟಿದರೆ ಕೊರೆಯುವಂತಿರುತ್ತಿತ್ತು. ಪರದೆಯ ಮೇಲೆ ನಾಡಿಯ ಅಲೆಗಳಿರಬೇಕಾದ ಕಡೆ ನೇರವಾದ ಒಂದು ಗೆರೆ ಮಾತ್ರ. ಯಂತ್ರದೊಂದಿಗೆ ಬಂದ ಬಿಸಿ ತಟ್ಟೆ ಇದಕ್ಕೆ ಸಾಲುವುದಿಲ್ಲ, ಇದು ನನ್ನ ಮುಖ್ಯ ಆಕ್ಷೇಪ. ಅಳೆಯುವ ಕೋಣೆಯನ್ನೇ ಮುಂಚಿತವಾಗಿ ಹೀಟರ್‌ನಿಂದ ಬೆಚ್ಚಗೆ ಮಾಡಿ, ಬಾಲ ಗುಲಾಬಿ ಬಣ್ಣಕ್ಕೆ ತಿರುಗುವವರೆಗೆ ಕಾದ ಮೇಲೆಯೇ ಅಲೆಗಳು ಎದ್ದವು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿಯಿದೆ. ನೈಟ್ರಿಕ್ ಆಕ್ಸೈಡ್ ತಡೆದ ಇಲಿಗಳ ನಾಳಗಳು ಮೊದಲೇ ಬಿಗಿದಿರುತ್ತವೆ. ನಮ್ಮಲ್ಲಿ ನಾಡಿ ಸಿಗದೆ ಹೆಚ್ಚು ಬಾರಿ ವಿಫಲವಾದದ್ದು ಇಂಥ ಇಲಿಗಳ ಅಳತೆಯೇ. ವಿಫಲವಾದ ಅಳತೆಗಳನ್ನು ಕೈಬಿಟ್ಟು ಸರಾಸರಿ ತೆಗೆದರೆ, ಒತ್ತಡ ಅತಿ ಹೆಚ್ಚಾದ ಪ್ರಾಣಿಗಳೇ ಲೆಕ್ಕದಿಂದ ಹೊರಗುಳಿಯುವ ಅಪಾಯವಿದೆ. ಯಂತ್ರದ ತಂತ್ರಾಂಶವು ಸಿಗದ ಅಳತೆಯನ್ನು ತಾನಾಗಿಯೇ ಅಳಿಸಿಹಾಕುತ್ತದೆ. ಹೊಸದಾಗಿ ಕೊಂಡವರು ಮೊದಲ ದಿನವೇ ಆ ಆಯ್ಕೆಯನ್ನು ನಿಲ್ಲಿಸಬೇಕೆಂದು ಒತ್ತಾಯಪೂರ್ವಕವಾಗಿ ಹೇಳುತ್ತೇನೆ.

ಕೊಳವೆಯಲ್ಲಿ ಸಿಕ್ಕಿಹಾಕಿಕೊಂಡ ಗಾಬರಿಯಿಂದಲೇ ಇಲಿಯ ಒತ್ತಡ ಏರುವುದರಿಂದ, ಪ್ರಯೋಗಕ್ಕೆ ಮುನ್ನ ಸುಮಾರು ಒಂದು ವಾರ ದಿನಾ ಅದನ್ನು ಕೊಳವೆಗೆ ರೂಢಿ ಮಾಡಿಸಬೇಕು. ಕೊಳವೆಯ ಒಳಮೈ ನುಣುಪಾಗಿದೆ, ಮೂತಿಯ ಕಡೆ ಗಾಳಿಯಾಡುತ್ತದೆ, ತೊಳೆಯುವುದೂ ಸುಲಭ. ಪ್ರಾಣಿಯ ನೆಮ್ಮದಿಯನ್ನು ಯೋಚಿಸಿ ಮಾಡಿದ ಭಾಗವಿದು.

ಮಾರಾಟಗಾರರ ಸೇವೆ ಮಾತ್ರ ನಿರಾಶೆ ತಂದಿತು. ಹರಿದ ರಬ್ಬರ್ ಕಫ್ ಒಂದಕ್ಕಾಗಿ ಪ್ರಯೋಗದ ನಟ್ಟನಡುವೆ ಮೂರು ವಾರ ಕಾಯಬೇಕಾಯಿತು. ಆದ್ದರಿಂದ ಕೊಳ್ಳುವಾಗಲೇ ಎರಡು ಹೆಚ್ಚುವರಿ ಕಫ್‌ಗಳನ್ನು, ಕರೆಂಟು ಹೋಗಿಬರುವ ನಮ್ಮಂಥ ಊರಾದರೆ ಜೊತೆಗೊಂದು ಯುಪಿಎಸ್ಸನ್ನೂ ತರಿಸಿಕೊಳ್ಳಿ. ಹಗಲಿರುಳಿನ ಏರಿಳಿತ ಬೇಕಾದವರಿಗೆ ಮೈಯೊಳಗೆ ಅಳವಡಿಸಿ ಒತ್ತಡದ ಅಳತೆಯನ್ನು ರೇಡಿಯೊ ಮೂಲಕ ಹೊರಗೆ ಕಳಿಸುವ ಟೆಲಿಮೆಟ್ರಿಯೇ ಸರಿ. ವಾರಕ್ಕೊಮ್ಮೆ ಅಳೆದು ಗುಂಪುಗಳನ್ನು ಹೋಲಿಸುವ ಸಣ್ಣ ಪ್ರಯೋಗಾಲಯಕ್ಕೆ, ಕೋಣೆಯನ್ನು ಬೆಚ್ಚಗಿಡುವ ಏರ್ಪಾಡು ಇರುವುದಾದರೆ, ಈ ಯಂತ್ರವನ್ನು ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ.