ಚೂಪು ಹಿಂಬದಿಯ ದೋಣಿಗೆ ಬ್ಯಾಟರಿ ಮೋಟಾರು: ಮೂರು ವರ್ಷ ಬಳಸಿದ ಮೇಲೆ

ಮೋಟಾರಿನ ಮೇಲೆ ನನಗೆ ದೊಡ್ಡ ದೂರಿಲ್ಲ. ಅದನ್ನು ದೋಣಿಗೆ ಕಟ್ಟುವುದು ಹೇಗೆ ಅಂತ ಯಾರೂ ಹೇಳಿಕೊಡುವುದಿಲ್ಲವಲ್ಲ, ಅದರ ಮೇಲೆ ಇದೆ. ಆ ಒಂದು ವಿಷಯಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನನ್ನದು 12 ವೋಲ್ಟಿನ, 55 ಪೌಂಡ್ ತಳ್ಳುವ ಬಲದ ಟ್ರೋಲಿಂಗ್ ಮೋಟಾರು, ಅಂದರೆ ಗಾಳ ಹಾಕುವವರು ದೋಣಿಯನ್ನು ಮೆಲ್ಲಗೆ ನಡೆಸಲು ಬಳಸುವ ಚಿಕ್ಕ ಬ್ಯಾಟರಿ ಮೋಟಾರು. ಉಳಿದ ವಿವರ ಮಾರುವವರ ಪುಟದಲ್ಲೇ ಸಿಗುತ್ತದೆ. 22,000 ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ತರಿಸಿದೆ. ಚಿಕ್ಕ ಪೆಟ್ರೋಲ್ ಮೋಟಾರಿಗೂ ಅದರ ಎರಡು ಪಟ್ಟಿಗಿಂತ ಜಾಸ್ತಿ ಕೇಳಿದರು. ಅಷ್ಟು ನನ್ನ ಕೈಯಲ್ಲಿ ಇರಲಿಲ್ಲ.

ನಮ್ಮ ಮನೆ ಕಾಸರಗೋಡಿನಲ್ಲಿ, ಚಂದ್ರಗಿರಿ ಹೊಳೆಯ ಬದಿಯಲ್ಲಿ. ಮೇಲೆ ಸುಳ್ಯದ ಕಡೆ ಪಯಸ್ವಿನಿ ಅಂತ ಕರೆಯುವ ಹೊಳೆಯೇ ನಮ್ಮಲ್ಲಿಗೆ ಬರುವಾಗ ಚಂದ್ರಗಿರಿ. ಹೊಳೆಯ ನಡುವಿನ ಒಂದು ಚಿಕ್ಕ ಕುದ್ರುವಿನಲ್ಲಿ (ನಡುಗಡ್ಡೆಯಲ್ಲಿ) ನಮಗೆ ಮೂವತ್ತು ತೆಂಗಿನ ಮರಗಳಿವೆ. ಕಾಯಿ ತರಲು, ಗೊಬ್ಬರ ಒಯ್ಯಲು, ಭಾನುವಾರ ಗಾಳ ಹಾಕಲು, ಎಲ್ಲದಕ್ಕೂ ದೋಣಿಯೇ ಬೇಕು. ಅಪ್ಪ ನಲವತ್ತು ವರ್ಷ ಗಳ ಊರಿ ದೋಣಿ ನಡೆಸಿದವರು. ಹೆಗಲು ನೋವು ಶುರುವಾದ ಮೇಲೆ ಅವರಿಗೆ ಅದು ಆಗಲಿಲ್ಲ. ಹಾಗೆ ಬಂತು ಈ ಮೋಟಾರು.

ಪೆಟ್ಟಿಗೆ ಬಿಚ್ಚಿದ ದಿನವೇ ತೊಂದರೆ ಗೊತ್ತಾಯಿತು. ಈ ಮೋಟಾರಿನ ಕ್ಲಾಂಪ್ ಕಚ್ಚಬೇಕಾದರೆ ದೋಣಿಯ ಹಿಂಬದಿಯಲ್ಲಿ ಚಪ್ಪಟೆ ಹಲಗೆ ಇರಬೇಕು. ನಮ್ಮ ಕಡೆಯ ಹಳೆಯ ದೋಣಿಗೆ ಅದು ಎಲ್ಲಿದೆ? ಮುಂದೆಯೂ ಚೂಪು, ಹಿಂದೆಯೂ ಚೂಪು. ನಮ್ಮದು ಹೆಬ್ಬಲಸಿನ ಹಲಗೆಯ ದೋಣಿ. ವರ್ಷಕ್ಕೊಮ್ಮೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದು ಅಪ್ಪ ಅದನ್ನು ಮಗುವಿನ ಹಾಗೆ ನೋಡಿಕೊಂಡಿದ್ದರು. ಜೊತೆಗೆ ಬಂದ ಪುಸ್ತಕದಲ್ಲಿ ಇರುವುದೆಲ್ಲ ಚಪ್ಪಟೆ ಹಿಂಬದಿಯ ಫೈಬರ್ ದೋಣಿಯ ಚಿತ್ರಗಳೇ.

ನಾನೇ ಒಂದು ಉಪಾಯ ಮಾಡಿದೆ. ದೋಣಿಯ ಬಲಬದಿಯ ಮೇಲಿನ ಹಲಗೆಗೆ ನಾಲ್ಕು ತೂತು ಕೊರೆದೆ. ಒಂದು ಅಲ್ಯೂಮಿನಿಯಂ ಕೋನ ಇಟ್ಟು ಬೋಲ್ಟ್ ಹಾಕಿ, ಅದಕ್ಕೆ ಮರದ ತುಂಡು ಜೋಡಿಸಿ ಮೋಟಾರು ಕಚ್ಚಿಸಿದೆ. ಮೊದಲ ವಾರ ಚೆನ್ನಾಗಿಯೇ ಇತ್ತು. ಬಲಬದಿಯಿಂದ ತಳ್ಳಿದರೆ ದೋಣಿಯ ಮೂತಿ ಎಡಕ್ಕೆ ಎಳೆಯುತ್ತದೆ. ಹಿಡಿಯನ್ನು ಸ್ವಲ್ಪ ತಿರುಗಿಸಿಯೇ ಇಟ್ಟುಕೊಂಡರೆ ಸರಿಹೋಗುತ್ತದೆ, ಎರಡು ದಿನಕ್ಕೆ ಕೈಗೆ ಅಭ್ಯಾಸವಾಯಿತು.

ಬ್ಯಾಟರಿಯದ್ದು ಎರಡನೇ ತಪ್ಪು. ಮನೆಯ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿಯನ್ನೇ ಹೊತ್ತು ತಂದೆ. ಒಬ್ಬ ಮನುಷ್ಯನಷ್ಟು ತೂಕ, ಮೇಲಾಗಿ ಎತ್ತರ ಜಾಸ್ತಿ. ಹಿಂದೆ ಇಟ್ಟರೆ ದೋಣಿಯ ಮೂತಿ ಮೇಲೇಳುತ್ತಿತ್ತು. ಹಾಗಾಗಿ ಮುಂದೆ ಇಟ್ಟು, ಅಲ್ಲಿಂದ ಹಿಂದಿನವರೆಗೆ ಐದು ಮೀಟರ್ ವಯರ್ ಎಳೆದೆ. ಮನೆ ವಯರಿಂಗಿನಲ್ಲಿ ಉಳಿದಿದ್ದ 4 ಚದರ ಮಿಲಿಮೀಟರಿನ ವಯರ್. ಫ್ಯೂಸ್ ಹಾಕಲಿಲ್ಲ.

ಲೆಕ್ಕ ನೋಡಿ. ಈ ಮೋಟಾರು ಪೂರ್ತಿ ವೇಗದಲ್ಲಿ ಸುಮಾರು 50 ಆಂಪಿಯರ್ ಎಳೆಯುತ್ತದೆ. ಮನೆಯ 230 ವೋಲ್ಟಿನಲ್ಲಿ 600 ವ್ಯಾಟಿನ ಮಿಕ್ಸಿ ಮೂರು ಆಂಪಿಯರ್ ಕೂಡ ಎಳೆಯುವುದಿಲ್ಲ. ಅದೇ 600 ವ್ಯಾಟ್ 12 ವೋಲ್ಟಿನಲ್ಲಿ ಬೇಕಾದಾಗ ಕರೆಂಟು ಅಷ್ಟು ಏರುತ್ತದೆ. ಹೋಗಿ ಬರುವ ವಯರ್ ಸೇರಿ ಹತ್ತು ಮೀಟರ್. ಸುಮಾರು 2 ವೋಲ್ಟ್ ದಾರಿಯಲ್ಲೇ ಹೋಗುತ್ತದೆ, ಹೋದದ್ದೆಲ್ಲ ಬಿಸಿಯಾಗುತ್ತದೆ. ವಯರ್ ಮುಟ್ಟಿದರೆ ಬಿಸಿ ಗಂಜಿಯ ಪಾತ್ರೆಯ ಹಾಗಿತ್ತು. ಪ್ಲಾಸ್ಟಿಕ್ ಸುಟ್ಟ ವಾಸನೆಯೂ ಬರುತ್ತಿತ್ತು. ಮೋಟಾರು ಹೊಸದು, ಹೊಸ ಸಾಮಾನಿನ ವಾಸನೆ ಇರಬೇಕು ಅಂತ ನಾನು ಅಂದುಕೊಂಡೆ.

ಮೂರನೇ ತಿಂಗಳು. ಬೇಸಗೆ, ನೀರು ಇಳಿಯುವ ಹೊತ್ತು. ಅಪ್ಪ ಮುಂದೆ ಕೂತಿದ್ದರು, ನಡುವೆ ನೂರಿಪ್ಪತ್ತು ಕಾಯಿ. ಕುದ್ರುವಿನಿಂದ ಹೊರಟು ನಡು ಹೊಳೆಗೆ ಬಂದಿದ್ದೆವು. ವೇಗ ಪೂರ್ತಿ ಇಟ್ಟಿದ್ದೆ. ನೀರಿನಡಿಯಲ್ಲಿ ಮುಳುಗಿದ್ದ ತೆಂಗಿನ ಮರಕ್ಕೆ ಮೋಟಾರಿನ ಕಾಲು ಬಡಿಯಿತು. ನಾಲ್ಕು ತೂತುಗಳ ಸಾಲಿನಲ್ಲೇ ಹಲಗೆ ಸೀಳಿತು. ನನ್ನ ಕಣ್ಣೆದುರೇ ಕೋನ, ಬೋಲ್ಟ್, ಮೋಟಾರು ಎಲ್ಲ ಒಟ್ಟಿಗೆ ಹೊಳೆಗೆ ಹೋಯಿತು. ವಯರ್ ಬಿಗಿಯಾಗಿ ಬ್ಯಾಟರಿಯ ತಲೆಯಿಂದ ಕಿತ್ತು ಬಂತು. ಅಪ್ಪನ ಕಾಲಿನ ಹತ್ತಿರ ಕಿಡಿ ಹಾರಿತು. ಸೀಳಿನಿಂದ ನೀರು ಒಳಗೆ ಬರತೊಡಗಿತು.

ನಾನು ವಯರ್ ಹಿಡಿದು ಮೋಟಾರು ಎಳೆಯುತ್ತಿದ್ದೆ. ದೋಣಿ ಅಳಿವೆಯ ಕಡೆಗೆ ತೇಲುತ್ತಿತ್ತು. ಅಪ್ಪ ಎದ್ದು ನಿಂತರು. ಮೋಟಾರು ಬಂದ ದಿನವೇ ನಾನು ಗಳವನ್ನು ಮನೆಯಲ್ಲಿ ಬಿಡೋಣ ಅಂದಿದ್ದೆ. "ಅದು ದೋಣಿಯಲ್ಲೇ ಇರಲಿ ಮಾರಾಯ" ಅಂತ ಅವರು ಹಟ ಹಿಡಿದಿದ್ದರು. ನಡು ಹೊಳೆಯಲ್ಲಿ ಗಳ ನೆಲಕ್ಕೆ ಸಿಗಲಿಲ್ಲ. ಅದನ್ನೇ ಹುಟ್ಟಿನ ಹಾಗೆ ಹಾಕಿ, ಆಳ ಕಮ್ಮಿಯಾದಲ್ಲಿ ಊರಿ, ಆ ನೋವಿನ ಹೆಗಲಿನಲ್ಲೇ ದಡ ಮುಟ್ಟಿಸಿದರು. ಒಂದು ಮಾತೂ ಬೈಯಲಿಲ್ಲ. ದಡದಲ್ಲಿ ಕೂತು ಸೀಳಿದ ಹಲಗೆಯ ಮೇಲೆ ಕೈಯಾಡಿಸಿದರು. ಅದು ನನಗೆ ಇವತ್ತಿಗೂ ಮರೆತಿಲ್ಲ.

ಹಲಗೆ ರಿಪೇರಿಗೆ ಬಂದ ಆಚಾರ್ರು ತೂತುಗಳನ್ನು ತೋರಿಸಿದರು. ಮರದ ಎಳೆಯ ಉದ್ದಕ್ಕೇ ಸಾಲಾಗಿ ಕೊರೆದಿದ್ದೆ. ಅಂದರೆ ಸೀಳಲು ನಾನೇ ಗೆರೆ ಹಾಕಿಕೊಟ್ಟ ಹಾಗೆ. ಕಬ್ಬಿಣದ ಬೋಲ್ಟ್ ಮೂರೇ ತಿಂಗಳಲ್ಲಿ ತುಕ್ಕು ಹಿಡಿದು ಸುತ್ತಲಿನ ಮರ ಕಪ್ಪಾಗಿತ್ತು. ಬೋಲ್ಟ್ ತಾಗಿದ ಕಡೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿತ್ತು. ಬೇಸಗೆಯಲ್ಲಿ ಈ ಹೊಳೆಯಲ್ಲಿ ಉಪ್ಪುನೀರು ಕಾಸರಗೋಡು ಪೇಟೆಗೆ ಕುಡಿಯುವ ನೀರು ಎತ್ತುವ ಬಾವಿಕ್ಕೆರೆಯ ಕಡೆವರೆಗೂ ಏರುತ್ತಿತ್ತು, ಪೇಟೆಯವರು ನಳ್ಳಿಯಲ್ಲಿ ಉಪ್ಪುನೀರು ಕುಡಿದ ಕಾಲ ನಮಗೆಲ್ಲ ನೆನಪಿದೆ ಅಲ್ವಾ. ಎರಡು ಬೇರೆ ಬೇರೆ ಲೋಹ ಉಪ್ಪುನೀರಿನಲ್ಲಿ ಒಟ್ಟಿಗೆ ಇದ್ದರೆ ಒಂದು ಇನ್ನೊಂದನ್ನು ತಿನ್ನುತ್ತದೆ.

"ತೂತು ಯಾಕೆ? ಕಟ್ಟಿದರೆ ಸಾಲದೋ?" ಅಂದರು ಆಚಾರ್ರು. ಎಡದ ಅಂಚಿನಿಂದ ಬಲದ ಅಂಚಿಗೆ ಅಡ್ಡವಾಗಿ ಒಂದು ದಪ್ಪ ತೊಲೆ ಇಟ್ಟರು. ಎರಡೂ ಕಡೆ ಅಂಚನ್ನು ಕಚ್ಚುವ ಹಾಗೆ ಕೆಳಗೆ ಕಚ್ಚು ಕೊಟ್ಟರು. ಒಳಗಿನ ಅಡ್ಡಪಟ್ಟಿಗೆ ನೈಲಾನ್ ಹಗ್ಗದಲ್ಲಿ ಬಿಗಿದರು. ಬಲಕ್ಕೆ ಒಂದು ಗೇಣು ಹೊರಗೆ ಚಾಚಿದ ತುದಿಯಲ್ಲಿ ಒಂದೂವರೆ ಇಂಚು ದಪ್ಪದ ಹಲಗೆ. ಮೋಟಾರು ಅದನ್ನು ಕಚ್ಚುತ್ತದೆ. ದೋಣಿಗೆ ಒಂದೂ ತೂತಿಲ್ಲ. ಏನಾದರೂ ಬಡಿದರೆ ಹಗ್ಗ ಸ್ವಲ್ಪ ಜಗ್ಗುತ್ತದೆ, ಹಲಗೆ ಸೀಳುವುದಿಲ್ಲ. ಅದಾದ ಮೇಲೆ ಎರಡು ಸಲ ಮರಕ್ಕೆ ಬಡಿದಿದೆ, ಏನೂ ಆಗಿಲ್ಲ. ಮೋಟಾರಿಗೆ ಬೇರೆ ಒಂದು ಹಗ್ಗ ಕಟ್ಟಿ ದೋಣಿಗೆ ಬಿಗಿದಿದ್ದೇನೆ, ಬಿದ್ದರೂ ವಯರ್ ಮೇಲೆ ಭಾರ ಬೀಳಬಾರದು.

ಎರಡು ದಿನ ಒಣಗಿಸಿದರೆ ಮೋಟಾರು ಮತ್ತೆ ತಿರುಗಿತು. ಆ ವಿಷಯದಲ್ಲಿ ಅದಕ್ಕೆ ಪೂರ್ತಿ ಅಂಕ.

ಈಗ 100 ಆಂಪಿಯರ್ ಅವರ್‌ನ ಲಿಥಿಯಂ ಬ್ಯಾಟರಿ. ದುಬಾರಿ, ನಿಜ. ಒಂದು ವರ್ಷ ಕಾಯಿ ಮಾರಿದ ದುಡ್ಡಿನಲ್ಲಿ ಕೂಡಿಸಿ ತಂದೆ. ಆದರೆ ಹನ್ನೆರಡು ಕೆಜಿ ಅಷ್ಟೇ, ಒಂದೇ ಕೈಯಲ್ಲಿ ಎತ್ತಬಹುದು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದರೆ ಆಯುಸ್ಸು ಬೇಗ ಮುಗಿಯುತ್ತದೆ, ಇದನ್ನು ಹೆಚ್ಚುಕಮ್ಮಿ ಪೂರ್ತಿ ಬಳಸಬಹುದು. ಚಾರ್ಜರ್ ಮಾತ್ರ ಬೇರೆಯೇ ಬೇಕು. ವಯರ್ 16 ಚದರ ಮಿಲಿಮೀಟರಿನದು, ಬ್ಯಾಟರಿಯನ್ನು ಹಿಂದಕ್ಕೆ ತಂದು ವಯರನ್ನು ಒಂದೂವರೆ ಮೀಟರಿಗೆ ಇಳಿಸಿದ್ದೇನೆ. ಬ್ಯಾಟರಿಯ ಪಕ್ಕದಲ್ಲೇ 60 ಆಂಪಿಯರಿನ ಡಿಸಿ ಬ್ರೇಕರ್, ಕರೆಂಟು ಮಿತಿ ಮೀರಿದರೆ ಅದು ತಾನೇ ಕಡಿಯುತ್ತದೆ. ಈಗ ವಯರ್ ಮುಟ್ಟಿದರೆ ತಣ್ಣಗೆ.

ಇಷ್ಟೆಲ್ಲ ಆದ ಮೇಲೆ ಈ ಮೋಟಾರು ಯಾಕೆ ಇಷ್ಟ ಅಂತ ಹೇಳಲೇಬೇಕು. ಸದ್ದಿಲ್ಲ. ಬೆಳಿಗ್ಗೆ ಐದೂವರೆಗೆ ಎರಡನೇ ವೇಗದಲ್ಲಿ ಹೊರಟರೆ ದೋಣಿಯ ಅಡಿಯಲ್ಲಿ ನೀರು ಸರಿಯುವುದು ಕೇಳುತ್ತದೆ. ಆ ವೇಗದಲ್ಲಿ ಹತ್ತು ಹನ್ನೆರಡು ಆಂಪಿಯರ್ ಮಾತ್ರ, ಎಂಟು ಗಂಟೆ ಬರುತ್ತದೆ. ಬೆಳಕಾಗುವಾಗ ಆಚೆ ದಡದಲ್ಲಿ ಶಿವಪ್ಪ ನಾಯಕ ಕಟ್ಟಿಸಿದ ಚಂದ್ರಗಿರಿ ಕೋಟೆಯ ಮುರಕಲ್ಲಿನ ಗೋಡೆ ಕೆಂಪಗಾಗುತ್ತದೆ. ಅಪ್ಪ ಮುಂದೆ ಕೂತು, ತಿರುಗದೆಯೇ, ಮೆಲ್ಲನೆ ಮಾತಾಡಿದರೂ ಹಿಂದೆ ನನಗೆ ಕೇಳುತ್ತದೆ. ಯಾವ ಕಡವಿನಲ್ಲಿ ಯಾರು ದೋಣಿ ದಾಟಿಸುತ್ತಿದ್ದರು, ಯಾವ ವರ್ಷದ ನೆರೆಗೆ ಯಾವ ಕುದ್ರು ಕರಗಿತು, ಎಲ್ಲ ಹೇಳುತ್ತಾರೆ. ಗಳ ಊರುವಾಗ ಏದುಸಿರಿನಲ್ಲಿ ಅವರಿಗೆ ಇಷ್ಟು ಮಾತು ಬರುತ್ತಿರಲಿಲ್ಲ. ಪೆಟ್ರೋಲ್ ಮೋಟಾರು ಆಗಿದ್ದರೆ ಅದರ ಸದ್ದಿನಲ್ಲಿ ನನಗೆ ಏನೂ ಕೇಳುತ್ತಿರಲಿಲ್ಲ.

ಮನೆಗೆ ಬಂದ ಕೂಡಲೇ ಮೋಟಾರು ಬಿಚ್ಚಿ, ಬಾವಿಯ ಸಿಹಿನೀರು ಎರಡು ಕೊಡಪಾನ ಸುರಿಯುತ್ತೇನೆ. ಹಳೆಯ ಬನಿಯನ್ನಿನಲ್ಲಿ ಒರೆಸಿ ನೆರಳಲ್ಲಿ ನೇತುಹಾಕುತ್ತೇನೆ. ಬ್ಯಾಟರಿಯ ತಲೆಗೆ ಸ್ವಲ್ಪ ವ್ಯಾಸಲಿನ್. ತಿಂಗಳಿಗೊಮ್ಮೆ ಪ್ರೊಪೆಲ್ಲರ್ ಬಿಚ್ಚಿ ಹಿಂದೆ ನೋಡಲೇಬೇಕು. ಗಾಳದ ನೈಲಾನ್ ದಾರ ಅಲ್ಲಿ ಸುತ್ತಿಕೊಂಡು ಸೀಲ್ ಕತ್ತರಿಸುತ್ತದೆ. ನಾನು ಒಂದು ಮಳೆಗಾಲ ನೋಡದೆ ಬಿಟ್ಟೆ, ನೀರು ಒಳಗೆ ಹೋಯಿತು. ಪೇಟೆಯ ಮೋಟಾರು ವೈಂಡಿಂಗ್ ಅಂಗಡಿಯವರು ಬಿಚ್ಚಿ ಸೀಲ್, ಬೇರಿಂಗ್ ಎರಡೂ ಬದಲಿಸಿಕೊಟ್ಟರು. ಪ್ರೊಪೆಲ್ಲರಿನ ಸಾದಾ ನಟ್ ತೆಗೆದು ಸತುವಿನ ನಟ್ ಹಾಕಿದ್ದೇನೆ. ಉಪ್ಪುನೀರು ಮೊದಲು ಅದನ್ನು ತಿನ್ನುತ್ತದೆ, ಮೋಟಾರು ಉಳಿಯುತ್ತದೆ.

ಮಳೆಗಾಲದ ಆಟಿ ತಿಂಗಳ ಕೆಂಪು ನೀರಿಗೆ ಇದು ಸಾಲದು. ಒಂದು ಕುದುರೆ ಶಕ್ತಿಯೂ ಇಲ್ಲದ ಮೋಟಾರು ನೆರೆಯ ಸೆಳೆತಕ್ಕೆ ಎದುರು ಹೋಗುವುದಿಲ್ಲ. ಆಗ ದೋಣಿ ದಡದಲ್ಲಿ ಕವುಚಿ ಮಲಗಿರುತ್ತದೆ. ಅಳಿವೆ ದಾಟಿ ಕಡಲಿಗೆ ಹೋಗುವವರಂತೂ ಇದನ್ನು ಕೊಳ್ಳುವುದೇ ಬೇಡ.

ನಿಮ್ಮದೂ ಎರಡು ಕಡೆ ಚೂಪಿನ ದೋಣಿಯಾದರೆ ಅಳತೆ ಬರೆದುಕೊಳ್ಳಿ. ತೊಲೆ 4 ಇಂಚು ಅಗಲ, 2 ಇಂಚು ದಪ್ಪ. ಉದ್ದ ನಿಮ್ಮ ದೋಣಿಯ ಅಗಲಕ್ಕಿಂತ ಒಂದು ಗೇಣು ಜಾಸ್ತಿ. ಹಿಂದಿನ ತುದಿಯಿಂದ ಎರಡೂವರೆ ಅಡಿ ಮುಂದೆ ಇಡಿ. ಮರ ಹೆಬ್ಬಲಸೇ ಆಗಲಿ, ಮೊದಲು ಇಟ್ಟ ಮಾವಿನ ತೊಲೆ ಒಂದೇ ಮಳೆಗೆ ಕೊಳೆತು ಕುಂಬಾಯಿತು.